ನಾಲ್ಕನೆಯ ಸೂಚನೆಯ ತಿದ್ದುಪಡಿ

ದಿನಾಂಕ: 9 ಜೂನ್

ಪ್ರೌಢಶಾಲೆಯಲ್ಲಿ ಪರಿಸರ ವಿಜ್ಞಾನ ಬೋಧಿಸುವ ನನ್ನ ತಂಗಿಯ ಮಗ, ಚಿರಂಜೀವಿ ಗುಂಡನಿಗೆ ದೊಡ್ಡಮ್ಮನ ಆಶೀರ್ವಾದಗಳು.

ವಿಷಯ: ಕೆರೆಯ ನೀರಿನ ಮಾದರಿ, ಬಾಟಲಿ ಒಂದು, ಕಳುಹಿಸುವ ಬಗ್ಗೆ.

ಉಲ್ಲೇಖ: ನಿನ್ನ ಮೇ 28ರ ಪತ್ರ ಹಾಗೂ ಅದರೊಂದಿಗೆ ಬಂದ ಏಳು ಸೂಚನೆಗಳ ಹಾಳೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ವಿವರಗಳನ್ನು ನಿನ್ನ ಅವಗಾಹನೆಗೆ ತಂದಿದ್ದೇನೆ:

1. ಮಾದರಿ ತೆಗೆದವರು: ನಾನು. ವಯಸ್ಸು ಎಪ್ಪತ್ತೊಂದು. ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕಲುಗಾರ್ತಿಯಾಗಿದ್ದು, ಒಂದಕ್ಷರದ ಆಕ್ಷೇಪಣೆಯೂ ಇಲ್ಲದೆ ನಿವೃತ್ತಿ.

2. ಸ್ಥಳ: ನಮ್ಮ ಬೀದಿಯ ಕೊನೆಯ ಕೆರೆ. ಪೂರ್ವದ ಮೆಟ್ಟಿಲುಗಳಲ್ಲಿ ಮೇಲಿನಿಂದ ಆರನೆಯದು.

3. ಸಮಯ: ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಗಾಳಿ ಇರಲಿಲ್ಲ.

4. ಬಾಟಲಿ: ಗಾಜಿನದು. ಅದರ ಶುಚಿತ್ವಕ್ಕೆ ನಾನೇ ಖುದ್ದು ಜವಾಬ್ದಾರಳು. ಅನುಮಾನಕ್ಕೆ ಆಸ್ಪದವಿಲ್ಲ.

5. ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯಲು ನೀನು ಕಳುಹಿಸಿದ ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಲಾಗಿ, ಅದು ತಳ ಮುಟ್ಟಿದ ಮೇಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಆಳ ಒಂಬತ್ತು ಗೇಣು.

6. ಕಂಡ ಜೀವಿಗಳು: ಎರಡು ಬಗೆಯ ಮೀನು, ಬಸವನಹುಳು, ನೀರಿನ ಮೇಲೆ ಓಡುವ ಉದ್ದ ಕಾಲಿನ ಹುಳು. ಹಸಿರು ಪಾಚಿ: ಮೆಟ್ಟಿಲ ಅಂಚಿನಲ್ಲಿ ಅಂಗೈಯಗಲ, ಬೇರೆಲ್ಲೂ ಇಲ್ಲ.

ತಟ್ಟೆ ಇಳಿಸುವಾಗ ನಾನು ಮುಗ್ಗರಿಸದಿರಲೆಂದು ಪಕ್ಕದ ಲಾಂಡ್ರಿಯವಳು ನನ್ನ ಸೊಂಟ ಹಿಡಿದು ನಿಂತಿದ್ದಳು. "ಅಕ್ಕಾ, ಬಗ್ಗಿದ್ದು ಸಾಕು. ಬಿದ್ರೆ ಆ ಮೀನಿನ ಪಟ್ಟಿಗೆ ನಿಮ್ಮನ್ನೂ ಸೇರಿಸ್ಬೇಕಾಗತ್ತೆ" ಎಂದಳು. ಇದು ವಿವರಗಳ ಭಾಗವಲ್ಲವಾದ್ದರಿಂದ ಸಂಖ್ಯೆ ಕೊಟ್ಟಿಲ್ಲ.

ಫಲಿತಾಂಶವನ್ನು ಪತ್ರದಲ್ಲೇ ತಿಳಿಸತಕ್ಕದ್ದು. ಫೋನಿನಲ್ಲಿ ಆಡಿದ ಮಾತಿಗೆ ನಕಲು ಉಳಿಯುವುದಿಲ್ಲ.

ಇಂತಿ,
ದೊಡ್ಡಮ್ಮ, ನಿವೃತ್ತ ನಕಲುಗಾರ್ತಿ

---

20 ಜೂನ್

ದೊಡ್ಡಮ್ಮ, ನಮಸ್ಕಾರ.

ಬಾಟಲಿ ಒಡೆಯದೆ ಬಂದು ಸೇರಿತು. ನಿಮ್ಮ ವಿವರಪಟ್ಟಿಯನ್ನು ಒಂಬತ್ತನೆಯ ತರಗತಿಗೆ ಓದಿ ಹೇಳಿದೆ. ಸಂಖ್ಯೆ ಕೊಡದ ಭಾಗಕ್ಕೇ ಹೆಚ್ಚು ನಗು ಬಂತು.

ಈ ವರ್ಷ ಮಣ್ಣು, ಗಾಳಿ, ಕಸ, ಆಹಾರ ಸರಪಳಿ ಎಲ್ಲವನ್ನೂ ಮುಗಿಸಬೇಕು. ಶುರು ಮಾಡಿದ್ದು ನೀರಿನಿಂದ. ಐದು ಊರುಗಳಿಂದ ಐದು ಬಾಟಲಿ ತರಿಸಿದ್ದೆ. ಸಣ್ಣ ಗಾಜಿನ ಕೊಳವೆಗೆ ನೀರು ಹಾಕಿ, ಪೆಟ್ಟಿಗೆಯಲ್ಲಿ ಬಂದ ಪುಡಿ ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ಫಾಸ್ಫೇಟ್ ಎಷ್ಟಿದೆಯೋ ನೀಲಿ ಅಷ್ಟು ಗಾಢ. ನಾಲ್ಕು ಕೊಳವೆಗಳು ನೀಲಿಯೋ ಅಲ್ಲವೋ ಅನ್ನುವಷ್ಟು ತಿಳಿಯಾಗಿದ್ದವು. ನಿಮ್ಮದು ಮಾತ್ರ ಶಾಯಿ! ಬಣ್ಣ ಹೋಲಿಸುವ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಫಾಸ್ಫೇಟ್ ಅಂದರೆ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಪಾಚಿ ವಿಪರೀತ ಬೆಳೆದು, ಸತ್ತು, ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ಅದಕ್ಕೇ ಮುಗಿದುಹೋಗುತ್ತದೆ. ಆಮೇಲೆ ಮೀನುಗಳ ಸರದಿ. ನಾನು ನಿಮ್ಮ ಮನೆಯಲ್ಲಿದ್ದ ಮೂರು ವರ್ಷ ಈಜಿದ ಕೆರೆ ಅದು. ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ. ಮುಚ್ಚಳ ತೆಗೆದ ಕೂಡಲೇ ಸೋಪಿನ ವಾಸನೆ ಬಂತು. ಲಾಂಡ್ರಿ ಇನ್ನೂ ಕೆರೆಯ ಹತ್ತಿರವೇ ಇದೆಯಾ?

ಬೇಜಾರು ಮಾಡಿಕೊಳ್ಳದಿದ್ದರೆ ಒಂದು ಮಾತು ಕೇಳುತ್ತೇನೆ. ತಟ್ಟೆ ತಳದವರೆಗೂ ಕಂಡಿತು ಎಂದು ಬರೆದಿದ್ದೀರಿ. ನಿಜವಾಗಲೂ ಕಂಡಿತಾ? ಊರಿನ ಮೇಲೆ ನಿಮಗಿರುವ ಅಭಿಮಾನ ನನಗೆ ಗೊತ್ತಿಲ್ಲದ್ದೇನಲ್ಲ.

ನಿಮ್ಮ ಗುಂಡ

---

ದಿನಾಂಕ: 28 ಜೂನ್

ಚಿ. ಗುಂಡನಿಗೆ ಆಶೀರ್ವಾದಗಳು.

ನಿನ್ನ 20ರ ಪತ್ರಕ್ಕೆ ಕ್ರಮವಾಗಿ ಉತ್ತರ:

ತಟ್ಟೆ ಕಂಡಿತು. ಕಾಣದ್ದನ್ನು ಕಂಡೆನೆಂದು ಬರೆಯುವ ಅಭ್ಯಾಸ ನನಗಿದ್ದಿದ್ದರೆ ಈ ಜಿಲ್ಲೆಯ ಅರ್ಧದಷ್ಟು ಆಸ್ತಿಗಳು ಇಂದು ಬೇರೆಯವರ ಹೆಸರಿನಲ್ಲಿರುತ್ತಿದ್ದವು.

ಲಾಂಡ್ರಿ ಅಲ್ಲೇ ಇದೆ. ಆದರೆ ಅದರ ಕೊಳೆನೀರು ಕೆರೆಯ ಕಡೆಗೆ ಹರಿಯುವುದಿಲ್ಲ. ಅವಳು ಆರು ವರ್ಷಗಳ ಹಿಂದೆ ಪೈಪು ಹಾಕಿಸಿ ಬೀದಿಯ ಒಳಚರಂಡಿಗೆ ಸೇರಿಸಿದ್ದಾಳೆ. ಅಗೆದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಆದ್ದರಿಂದ ಅವಸರದ ತೀರ್ಮಾನ ತರವಲ್ಲ.

ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಕೇಳುತ್ತಿದ್ದೇನೆ: ಈ ಫಾಸ್ಫೇಟ್ ಎಂಬುದು ಯಾವ ಯಾವ ವಸ್ತುಗಳಲ್ಲಿ ಇರುತ್ತದೆ? ಎಷ್ಟು ಬಿದ್ದರೆ ನಿನ್ನ ಕೊಳವೆ ಶಾಯಿಯಂತಾಗುತ್ತದೆ? ಉದಾಹರಣೆಗೆ, ಒಂದು ಚಿಟಿಕೆ?

ಇಂತಿ,
ದೊಡ್ಡಮ್ಮ

---

6 ಜುಲೈ

ದೊಡ್ಡಮ್ಮ, ನಮಸ್ಕಾರ.

ನೀವು ಕೋಪ ಮಾಡಿಕೊಳ್ಳದೆ ಪ್ರಶ್ನೆ ಕೇಳಿದ್ದು ನೋಡಿ ಸಮಾಧಾನವಾಯಿತು. ಎಪ್ಪತ್ತೊಂದರಲ್ಲೂ ಹೊಸದನ್ನು ತಿಳಿಯಬೇಕು ಅನ್ನುತ್ತೀರಲ್ಲ, ನಮ್ಮ ಹುಡುಗರಿಗೆ ಇದನ್ನೇ ಹೇಳಿದೆ.

ಹೊಲಕ್ಕೆ ಹಾಕುವ ಗೊಬ್ಬರ, ಚರಂಡಿಯ ನೀರು, ಬಟ್ಟೆ ಒಗೆಯುವ ಕೆಲವು ಸೋಪಿನ ಪುಡಿಗಳು, ಇವುಗಳಲ್ಲಿ ಫಾಸ್ಫೇಟ್ ಇರುತ್ತದೆ. ಸೋಪಿನ ಪುಡಿಯಾದರೆ ಬಾಟಲಿ ನೀರಿಗೆ ಒಂದು ಚಿಟಿಕೆಯೇ ಧಾರಾಳ. ಇಡೀ ಕೆರೆಯ ನೀರು ಆ ಬಣ್ಣಕ್ಕೆ ಬರಬೇಕೆಂದರೆ ಎಷ್ಟು ಮೂಟೆ ಸುರಿದಿರಬೇಕು, ನೀವೇ ಊಹಿಸಿ.

ಈಗ ಸಂತೋಷದ ಸುದ್ದಿ. ಇದನ್ನು ಬರೀ ಪಾಠ ಮಾಡಿ ಬಿಡುವುದು ಬೇಡ ಎಂದು ಮಕ್ಕಳು ಹಟ ಹಿಡಿದರು. ಅವರೇ ನಿಮ್ಮ ನಗರ ಕಚೇರಿಗೆ ಒಂದು ಮನವಿ ಬರೆದು ಕಳುಹಿಸಿದ್ದಾರೆ. ಕೆಳಗೆ ನನ್ನ ಸಹಿಯೂ ಇದೆ. ಮನವಿಯ ಮಾದರಿಗೆ ನಾನು ಕೊಟ್ಟದ್ದು ಯಾವುದನ್ನು ಗೊತ್ತೇ? ನಿಮ್ಮ ಹಳೆಯ ಪತ್ರಗಳನ್ನು! ವಿಷಯ, ಉಲ್ಲೇಖ, ಸಂಖ್ಯೆ ಹಾಕಿದ ವಿವರಗಳು, "ತಮ್ಮ ಅವಗಾಹನೆಗೆ ತರಬಯಸುತ್ತೇವೆ" ಎಲ್ಲವೂ ಇದೆ. ಮೂರನೆಯ ಅಂಶದಲ್ಲಿ ಲಾಂಡ್ರಿಯ ಬಗ್ಗೆ ತನಿಖೆ ಆಗಬೇಕೆಂದು ಕೋರಿದ್ದಾರೆ. ಪೈಪು ಒಳಗೆ ಎಲ್ಲೋ ಒಡೆದಿರಬಹುದು ದೊಡ್ಡಮ್ಮ, ಮೇಲೆ ನಿಂತವರಿಗೆ ಕಾಣುವುದಿಲ್ಲ.

ನಿಮಗೆ ಹೆಮ್ಮೆ ಅನ್ನಿಸುತ್ತದೆ ಎಂದುಕೊಂಡಿದ್ದೇನೆ.

ನಿಮ್ಮ ಗುಂಡ

---

ದಿನಾಂಕ: 12 ಜುಲೈ

ಚಿ. ಗುಂಡನಿಗೆ,

ನಿನ್ನ 6ರ ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ.

ಇಂತಿ,
ದೊಡ್ಡಮ್ಮ

---

30 ಜುಲೈ

ದೊಡ್ಡಮ್ಮ,

ಹದಿನೆಂಟು ದಿನವಾಯಿತು. ಹುಷಾರಾಗಿದ್ದೀರಾ? ನೀವು ಎರಡೇ ಸಾಲು ಬರೆದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಫೋನ್ ಮಾಡಿದರೆ ಎತ್ತುವುದಿಲ್ಲ.

ನಗರ ಕಚೇರಿಯಿಂದ ನಮ್ಮ ತರಗತಿಗೆ ಉತ್ತರ ಬಂತು. 27ರಂದು ಲಾಂಡ್ರಿಗೆ ನೋಟೀಸು ಕೊಟ್ಟಿದ್ದಾರಂತೆ. ಹದಿನೈದು ದಿನದೊಳಗೆ ಸಮಾಧಾನಕರ ಉತ್ತರ ಬರದಿದ್ದರೆ ಆಗಸ್ಟ್ 11ಕ್ಕೆ ಬೀಗ. ಓದಿದಾಗ ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಒಬ್ಬಳು ಮಾತ್ರ ತಟ್ಟಲಿಲ್ಲ. ಎರಡನೆಯ ಬೆಂಚಿನ ಕನ್ನಡಕದ ಹುಡುಗಿ. ಜೂನ್‌ನಿಂದಲೂ ಒಂದೇ ಪ್ರಶ್ನೆ ಅವಳದ್ದು. "ಸರ್, ಅಷ್ಟು ಫಾಸ್ಫೇಟ್ ಇದ್ರೆ ಪಾಚಿ ಎಲ್ಲಿ? ನಿಮ್ಮ ದೊಡ್ಡಮ್ಮ ಅಂಗೈಯಗಲ ಅಂತ ಬರ್ದಿದ್ದಾರಲ್ಲ?" ನಾನು ಏನೋ ಹೇಳಿ ಕೂರಿಸಿದ್ದೆ. ಈಗ ನನಗೇ ಸರಿಯಾಗಿ ಊಟ ಸೇರುತ್ತಿಲ್ಲ.

ಬೈಯುವುದಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಗುಂಡ

---

ದಿನಾಂಕ: 3 ಆಗಸ್ಟ್

ಚಿ. ಗುಂಡನಿಗೆ,

ಈ ಪತ್ರವನ್ನು ಕುಳಿತುಕೊಂಡು ಓದತಕ್ಕದ್ದು.

ಜುಲೈ 29ರ ಸಂಜೆ ಲಾಂಡ್ರಿಯವಳು ನನ್ನ ಮನೆಗೆ ಬಂದಳು. ಕೈಯಲ್ಲಿ ನೋಟೀಸು. ಅದರ ಅಂಚಿನಲ್ಲಿ ಅವಳ ಒದ್ದೆ ಬೆರಳುಗಳ ಗುರುತು ಒಣಗಿತ್ತು.

"ಅಕ್ಕಾ, ನೋಡಿ ಇದನ್ನ. ನಾನು ಕೆರೆ ಕೆಡಿಸಿದೀನಂತೆ."

"ಯಾರು ಹೇಳಿದ್ದು?" ಎಂದೆ. ಗೊತ್ತಿದ್ದೂ ಕೇಳಿದೆ.

"ಯಾವುದೋ ಊರಿನ ಸ್ಕೂಲು ಮಕ್ಕಳಂತೆ. ಅಲ್ಲಕ್ಕಾ, ಅವಕ್ಕೆ ನನ್ನ ಮೇಲೆ ಏನು ಕೋಪ? ಯಾರದ್ದಾದ್ರೂ ಯೂನಿಫಾರ್ಮ್ ಸುಟ್ಟಿದ್ನಾ ನಾನು? ನನ್ನ ನೀರು ಎಲ್ಲಿಗೆ ಹೋಗತ್ತೆ ಅಂತ ನಿಮಗೆ ಗೊತ್ತಲ್ಲ."

"ಗೊತ್ತು."

"ಹಾಗಾದ್ರೆ ಒಂದು ಅರ್ಜಿ ಬರ್ಕೊಡಿ. ನಿಮ್ಮ ಅಕ್ಷರ ಕಂಡ್ರೆ ಆಫೀಸಿನೋರು ಎದ್ದು ನಿಲ್ತಾರೆ. ನಾಲ್ಕು ಜನ ಹೆಂಗಸರು ನನ್ನ ನಂಬ್ಕೊಂಡು ಇಸ್ತ್ರಿ ಹಿಡ್ದಿದ್ದಾರೆ. ಏನು ಹೇಳಿ ಕಳಿಸ್ಲಿ ಅವರನ್ನ?"

ಬರೆಯಲು ಕುಳಿತೆ. "ಈ ಕೆಳಗೆ ಸಹಿ ಮಾಡಿರುವ ಅರ್ಜಿದಾರಳು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬಲ್ಲಿಂದ ಮೂರನೆಯ ಅಂಶದವರೆಗೆ ಪೆನ್ನು ತಾನಾಗಿಯೇ ಓಡಿತು. ನಾಲ್ಕನೆಯ ಅಂಶದಲ್ಲಿ, ಹಾಗಾದರೆ ಆ ಬಾಟಲಿಯಲ್ಲಿ ಸಾಬೂನು ಹೇಗೆ ಬಂತು ಎಂದು ಹೇಳಲೇಬೇಕಾಗಿತ್ತು. ಪೆನ್ನು ನಿಂತಿತು.

"ಯಾಕಕ್ಕಾ?"

"ಶಾಯಿ ಮುಗಿಯಿತು. ನಾಳೆ ಬಾ" ಎಂದೆ. ಪೆನ್ನು ತುಂಬಿತ್ತು. ಮರುದಿನ ಮಂಡಿನೋವೆಂದೆ. ಅದರ ಮರುದಿನ ಬೀಗ ಹಾಕಿಕೊಂಡು ಕೆರೆ ಸುತ್ತಲು ಹೋದೆ. ಪರಿಶೀಲನೆಯಲ್ಲಿದೆ ಎಂದು ನಿನಗೆ ಬರೆದೆನಲ್ಲ, ಪರಿಶೀಲಿಸಲು ಏನೂ ಉಳಿದಿರಲಿಲ್ಲ. ನಿನ್ನ ಜುಲೈ 6ರ ಪತ್ರದ ಎರಡನೆಯ ಪ್ಯಾರಾದಲ್ಲೇ ನನಗೆ ಎಲ್ಲವೂ ತಿಳಿದಿತ್ತು.

ಸಂಗತಿ ಇಷ್ಟು. ನಿನ್ನ ಏಳು ಸೂಚನೆಗಳ ಹಾಳೆಯನ್ನು ಅಭ್ಯಾಸಬಲದಿಂದ ನಾನೊಂದು ಪ್ರತಿ ಮಾಡಿಕೊಂಡೆ. ನಾಲ್ಕನೆಯ ಸೂಚನೆ ಹೀಗಿತ್ತು: "ಬಾಟಲಿಯನ್ನು ಕೆರೆಯ ನೀರಿನಿಂದಲೇ ಮೂರು ಸಲ ಗಲಬರಿಸಿ, ಬೇರೇನನ್ನೂ ಬಳಸಬೇಡಿ." ಕೆರೆಯ ನೀರಿನಲ್ಲಿ ಗಲಬರಿಸಿದ ಬಾಟಲಿಯನ್ನು ಶಾಲೆಗೆ ಕಳುಹಿಸುವುದೇ? ಅದೂ ನನ್ನ ಮನೆಯಿಂದ, ಅದೂ ಮೇಷ್ಟ್ರ ದೊಡ್ಡಮ್ಮನ ಹೆಸರಿನಲ್ಲಿ? ಹುಡುಗ ಅವಸರದಲ್ಲಿ ಏನೋ ಬಿಟ್ಟಿದ್ದಾನೆಂದು ತೀರ್ಮಾನಿಸಿ, ನನ್ನ ಪ್ರತಿಯಲ್ಲಿ "ಸಾಬೂನು ಪುಡಿಯಿಂದ ಚೆನ್ನಾಗಿ ತೊಳೆದು" ಎಂದು ತಿದ್ದಿಕೊಂಡೆ. ಮೂವತ್ತನಾಲ್ಕು ವರ್ಷಗಳಲ್ಲಿ ಸಾವಿರಾರು ದಸ್ತಾವೇಜುಗಳನ್ನು ನಕಲು ಮಾಡಿದ್ದೇನೆ. ಮೂಲದಲ್ಲಿ ಎದ್ದು ಕಾಣುವ ತಪ್ಪಿದ್ದರೂ ಅದನ್ನು ಹಾಗೆಯೇ ಇಳಿಸಿದ್ದೇನೆ. ತಿದ್ದುವುದು ನಕಲುಗಾರರ ಕೆಲಸವಲ್ಲ. ಇದೊಂದು ಹಾಳೆಯಲ್ಲಿ, ತಪ್ಪೇ ಇಲ್ಲದ ಸಾಲನ್ನು ತಿದ್ದಿದೆ.

ಎರಡು ಚಮಚ ಪುಡಿ ಹಾಕಿದೆ. ಪರಿಮಳ ಹೋಗಬಾರದೆಂದು ಒಂದೇ ಸಲ ಗಲಬರಿಸಿದೆ. ಮುಚ್ಚಳ ತೆಗೆದಾಗ ಮಕ್ಕಳಿಗೆ ಒಳ್ಳೆಯ ವಾಸನೆ ಬರಲಿ ಎಂಬುದು ನನ್ನ ಉದ್ದೇಶವಾಗಿತ್ತು.

ನನ್ನ ಪರವಾಗಿ ಒಂದೇ ಮಾತು ಹೇಳಿಕೊಳ್ಳುತ್ತೇನೆ. ತಟ್ಟೆ ಕಂಡದ್ದು ನಿಜ, ಪಾಚಿ ಅಂಗೈಯಗಲ ಇದ್ದದ್ದು ನಿಜ. ನಾನು ಕಣ್ಣಾರೆ ಕಂಡು ಬರೆದದ್ದನ್ನು ನೀನು ಅನುಮಾನಿಸಿದೆ. ಕೈಯಾರೆ ಕೆಡಿಸಿದ್ದನ್ನು ನಂಬಿದೆ.

ನಿನ್ನೆ ಲಾಂಡ್ರಿಯವಳನ್ನು ಕರೆದು ಎಲ್ಲವನ್ನೂ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ತೆಗೆದುಕೊಂಡು ಎದ್ದು ಹೋದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಇಂದು ಬೆಳಿಗ್ಗೆ ನಗರ ಕಚೇರಿಗೆ ಹೋಗಿ, ತಪ್ಪು ನನ್ನದೆಂಬ ಹೇಳಿಕೆಯನ್ನು ಒಪ್ಪಿಸಿ ಸ್ವೀಕೃತಿ ಪಡೆದಿದ್ದೇನೆ. "ಮರುಪರೀಕ್ಷೆಯ ವರದಿ ಬರಲಿ, ಅಲ್ಲಿವರೆಗೂ ನೋಟೀಸು ಹಾಗೇ ಇರತ್ತೆ" ಎಂದರು. ಆದ್ದರಿಂದ ಹೊಸ ಮಾದರಿ ಈ ಪತ್ರದ ಜೊತೆಗೇ ಬರುತ್ತಿದೆ. ಮೂರು ಬಾಟಲಿ, ಮೂರು ಬೇರೆ ಬೇರೆ ಮೆಟ್ಟಿಲು, ಎಲ್ಲವೂ ಅಂಗಡಿಯಿಂದ ತಂದ ಹೊಸವು. ಕೆರೆಯ ನೀರಿನಿಂದಲೇ ಮೂರು ಸಲ ಗಲಬರಿಸಿದ್ದೇನೆ, ಬೇರೇನನ್ನೂ ಬಳಸಿಲ್ಲ. ಈ ಸಲ ಸೊಂಟ ಹಿಡಿಯುವವರು ಇಲ್ಲದ್ದರಿಂದ ಮೆಟ್ಟಿಲ ಮೇಲೆ ಕುಳಿತೇ ತುಂಬಿದೆ.

ತಡ ಮಾಡಬೇಡ. 11ಕ್ಕೆ ಎಂಟೇ ದಿನ.

ಇಂತಿ,
ದೊಡ್ಡಮ್ಮ

---

7 ಆಗಸ್ಟ್

ದೊಡ್ಡಮ್ಮಾ,

ಮೊದಲು ಫಲಿತಾಂಶ: ಮೂರೂ ಕೊಳವೆ ತಿಳಿ! ನೀಲಿಯನ್ನು ಹುಡುಕಬೇಕಾಯಿತು. ತರಗತಿಯಲ್ಲಿ ಮೂವತ್ತೆಂಟು ಜನ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಿಮ್ಮ ಕೆರೆ ಚೆನ್ನಾಗಿದೆ. ಮೀನುಗಳಿಗೆ ಹೇಳಿಬಿಡಿ.

ನಿಮ್ಮ ಪತ್ರವನ್ನು ಮಕ್ಕಳಿಗೆ ಓದಲೋ ಬೇಡವೋ ಎಂದು ಒಂದು ಗಂಟೆ ಯೋಚಿಸಿದೆ. ಆಮೇಲೆ ಪೂರ್ತಿ ಓದಿದೆ. ಕನ್ನಡಕದ ಹುಡುಗಿ ಕೂಡಲೇ ಎದ್ದಳು. "ಸರ್, ಒಂದು ಬಾಟಲಿಗೆ ಎರಡು ಚಮಚ ಪುಡಿ ಹಾಕಿ, ಒಂದೇ ಸಲ ಗಲಬರಿಸಿ, ಈ ನೀರನ್ನೇ ತುಂಬೋಣ." ಹಾಗೇ ಮಾಡಿದೆವು. ಅದೇ ಶಾಯಿ, ಅದೇ ವಾಸನೆ.

ಈಗ ನನ್ನ ಸರದಿ. ಜೂನ್‌ನಲ್ಲಿ ಆ ಹುಡುಗಿಯನ್ನು ಏನು ಹೇಳಿ ಕೂರಿಸಿದ್ದೆ ಎಂದು ನಿಮಗೆ ಬರೆದಿರಲಿಲ್ಲ. "ವಯಸ್ಸಾದವರ ಕಣ್ಣಮ್ಮ, ಬಿಡು" ಎಂದಿದ್ದೆ. ಒಂದೇ ಬಾಟಲಿ ನೋಡಿ ತೀರ್ಪು ಕೊಡಬಾರದು ಎಂದು ಪ್ರತಿ ವರ್ಷ ಮೊದಲ ವಾರದಲ್ಲೇ ಹಲಗೆಯ ಮೇಲೆ ಬರೆಸುವವನು ನಾನು. ಪೈಪು ಎಲ್ಲಿಗೆ ಸೇರುತ್ತದೆ ಎಂದು ನೀವು ಬರೆದಾಗಲೂ ಕೇಳಿಸಿಕೊಳ್ಳಲಿಲ್ಲ. ನೀವು ಸೋಪು ಹಾಕದೆಯೇ ಆ ನೀಲಿ ಬಂದಿದ್ದರೂ, ನಾನು ಮತ್ತೊಂದು ಬಾಟಲಿ ಕೇಳದೆ ಆ ಮನವಿಗೆ ಸಹಿ ಹಾಕಬಾರದಿತ್ತು. ಕ್ಷಮಿಸಿ. ಲಾಂಡ್ರಿಯವರಿಗೂ ನನ್ನ ಕ್ಷಮೆಯಾಚನೆ ತಿಳಿಸಿ.

ಮನವಿ ವಾಪಸು ಪಡೆಯುವ ಪತ್ರ ಬರೆಯುವಾಗ ಜೋರು ಚರ್ಚೆಯಾಯಿತು. ಒಬ್ಬ ಮಹಾಶಯ "ಸರ್, ತಾಂತ್ರಿಕ ಕಾರಣಗಳಿಂದ ಅಂತ ಹಾಕೋಣ" ಎಂದ. ಕನ್ನಡಕದ ಹುಡುಗಿ, "ನಾವು ಸರಿಯಾಗಿ ನೋಡ್ಲಿಲ್ಲ ಅಂತ ಹಾಕಿದ್ರೆ ಒಂದೇ ಸಾಲಲ್ಲಿ ಮುಗಿಯತ್ತೆ" ಎಂದಳು. ಒಂದೇ ಸಾಲಲ್ಲಿ ಮುಗಿಯಿತು. ಮರುಪರೀಕ್ಷೆಯ ವರದಿಯ ಜೊತೆ ಇಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಚೇರಿಗೆ ಹೋಗಿದೆ. ಒಂದು ಪ್ರತಿ ನಿಮಗೂ ಇಟ್ಟಿದ್ದೇನೆ; 11ರೊಳಗೆ ಅವರಿಗೆ ತಲುಪದಿದ್ದರೆ ಅದನ್ನೇ ಹಿಡಿದುಕೊಂಡು ಹೋಗಿ.

ನಿಮ್ಮ ಗುಂಡ

---

ದಿನಾಂಕ: 17 ಆಗಸ್ಟ್

ಪ್ರೀತಿಯ ಗುಂಡ,

ನೋಟೀಸು ರದ್ದಾಗಿದೆ. ನಿನ್ನೆ ಮಧ್ಯಾಹ್ನ ಆದೇಶ ಬಂತು. ಇದನ್ನು ವಿಷಯ ಎಂಬಲ್ಲಿ ಹಾಕಬೇಕಿತ್ತು, ತಡೆದುಕೊಳ್ಳಲಾಗಲಿಲ್ಲ.

10ರಂದೇ ಆರೋಗ್ಯ ನಿರೀಕ್ಷಕರು ಬಂದರು. ಕೈಯಲ್ಲಿ ನನ್ನ ಹೇಳಿಕೆ, ನಿನ್ನ ವರದಿ ಎರಡೂ ಇದ್ದವು. "ಇದನ್ನ ಬರೆದವರು ನೀವೇನಾ ಅಮ್ಮ?" ಎಂದರು. ಹೌದೆಂದೆ. "ತಮ್ಮ ಮೇಲೇ ಇಷ್ಟು ಅಚ್ಚುಕಟ್ಟಾಗಿ ದೂರು ಬರೆದವರನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಇನ್ನೂ ನಿರ್ಧರಿಸಿಲ್ಲ.

ಅವರು ತಾವೇ ನೀರು ತೆಗೆದುಕೊಂಡರು. ಆಮೇಲೆ ಲಾಂಡ್ರಿಯ ಮೋರಿಗೆ ಹಸಿರು ಬಣ್ಣದ ನೀರು ಸುರಿದರು, ಎಲ್ಲಿಗೆ ಹೋಗುತ್ತದೆಂದು ನೋಡಲು. ಲಾಂಡ್ರಿಯವಳು ಬಾಗಿಲಿಗೆ ಅಡ್ಡ ನಿಂತು, "ಸ್ವಾಮಿ, ಒಂದು ಹನಿ ಆ ಕಡೆ ಸಿಡಿದ್ರೂ ಇಪ್ಪತ್ತು ಬಿಳಿ ಶರಟು ನೀವೇ ಹಾಕ್ಕೋಬೇಕಾಗತ್ತೆ" ಎಂದಳು. ಐದು ನಿಮಿಷದಲ್ಲಿ ಬೀದಿಯ ಒಳಚರಂಡಿಯಲ್ಲಿ ಹಸಿರು ಕಂಡಿತು. ನಾವೆಲ್ಲ ಕೆರೆಯ ಅಂಚಿನಲ್ಲಿ ಇನ್ನೂ ಒಂದು ಗಂಟೆ ನಿಂತಿದ್ದೆವು. ಕೆರೆ ತನ್ನ ಪಾಡಿಗೆ ತಾನು ತಿಳಿಯಾಗಿಯೇ ಇತ್ತು. ಪೈಪು ಎಲ್ಲೂ ಒಡೆದಿಲ್ಲ. 11ರಂದು ಬೀಗ ಹಿಡಿದವರು ಯಾರೂ ಬರಲಿಲ್ಲ. ಕಚೇರಿಯ ಸ್ವಂತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆದೇಶವೂ ಬಂತು.

ಆದೇಶ ಓದಿ ಹೇಳಲು ನಾನೇ ಲಾಂಡ್ರಿಗೆ ಹೋದೆ. ಎರಡು ವಾರಗಳಿಂದ ನಾವು ಮಾತಾಡಿರಲಿಲ್ಲ. ನಾಲ್ಕು ಇಸ್ತ್ರಿಪೆಟ್ಟಿಗೆಗಳೂ ನಿಂತವು. ಓದಿ ಮುಗಿಸಿದೆ. ಅವಳು ಸ್ಟೂಲಿನ ಮೇಲೆ ಕುಳಿತು, ಮುಂಗೈಯಿಂದ ಮುಖ ಒರೆಸಿಕೊಂಡು, ಇದ್ದಕ್ಕಿದ್ದಂತೆ ನಕ್ಕಳು.

"ಅಲ್ಲಕ್ಕಾ, ಊರಿನ ಕೊಳೆಯೆಲ್ಲ ತೊಳೆಯೋಳು ಪಕ್ಕದಲ್ಲೇ ಇದ್ದೀನಿ. ಒಂದು ಬಾಟಲಿ ತೊಳೆಯೋಕೆ ನನ್ನ ಕರೀಬಾರದಾಗಿತ್ತಾ?"

"ಕರೆದಿದ್ದರೆ ನೀನೂ ಸಾಬೂನನ್ನೇ ಹಾಕುತ್ತಿದ್ದೆ" ಎಂದೆ.

"ಹಾಕ್ತಿದ್ದೆ. ಆದ್ರೆ ಪರಿಮಳಕ್ಕೆ ಅಂತ ಬಿಡ್ತಿರಲಿಲ್ಲ. ಸೋಪು ಉಳಿದ್ರೆ ಬಟ್ಟೆಗೇ ಕೇಡು. ಇಷ್ಟು ವರ್ಷ ನನ್ನ ಪಕ್ಕದಲ್ಲಿದ್ದು ಅಷ್ಟೂ ಕಲೀಲಿಲ್ವಲ್ಲ ನೀವು!"

ಇಸ್ತ್ರಿ ಹಿಡಿದಿದ್ದ ನಾಲ್ವರೂ ನಕ್ಕರು. ನನ್ನನ್ನು ನೋಡಿ ನಾಲ್ಕು ಜನ ಒಟ್ಟಿಗೆ ನಕ್ಕಿದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ನಾನೂ ನಕ್ಕೆ.

ಆಮೇಲೆ, ನಿನ್ನ ಮಕ್ಕಳಿಗೆ ಒಂದು ಕಾಗದ ಬರೆಯಬೇಕೆಂದಳು. ಅವಳು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆಂದು ಪೆನ್ನು ತೆಗೆದೆ. "ಬೇಡಕ್ಕಾ. ನೀವು ಬರೆದ್ರೆ ಅದು ನಿಮ್ಮ ಕಾಗದ ಆಗತ್ತೆ" ಎಂದು ಪೆನ್ನು ಕೇಳಿ ತೆಗೆದುಕೊಂಡಳು. ಮಡಿಸಿದ ಶರಟಿನೊಳಗೆ ಇಡುವ ರಟ್ಟಿನ ಮೇಲೆ, ನಾಲಿಗೆ ಕಚ್ಚಿಕೊಂಡು, ಮುಕ್ಕಾಲು ಗಂಟೆ ಬರೆದಳು. ಮಕ್ಕಳು ಖುದ್ದಾಗಿ ಬಂದು ಬೇಕಾದಷ್ಟು ಬಾಟಲಿ ತುಂಬಿಕೊಳ್ಳಬೇಕಂತೆ, ತನ್ನ ಪೈಪನ್ನೂ ನೋಡಬೇಕಂತೆ. ಕನ್ನಡಕದ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕಂತೆ. ಅದರಲ್ಲಿ ವಿಷಯವಿಲ್ಲ, ಉಲ್ಲೇಖವಿಲ್ಲ, ಹನ್ನೊಂದು ತಪ್ಪುಗಳಿವೆ. ಓದಿ ಮುಗಿಸುವಷ್ಟರಲ್ಲಿ ನನ್ನ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಯಾವಾಗ ಕರೆತರುತ್ತೀಯೆಂದು ಫೋನಿನಲ್ಲಿ ತಿಳಿಸಿದರೂ ನಡೆದೀತು.

ಇಂತಿ,
ನಿನ್ನ ದೊಡ್ಡಮ್ಮ

ಅಡಕ: ಲಾಂಡ್ರಿಯವಳು ಮಕ್ಕಳಿಗೆ ಸ್ವಂತ ಕೈಯಿಂದ ಬರೆದ ಪತ್ರ, ರಟ್ಟು ಒಂದು. ಮೂಲಪ್ರತಿ. ತಿದ್ದಿಲ್ಲ.